ಶೇಕ-ಶೇಗಡಿ: ಮುಂಬಯಿಯ ಒಂಟಿ ಕೋಣೆಗಳಲ್ಲಿ ಕಾವಿನ ಗಂಟು

ಮರಾಠಿಯಲ್ಲಿ ಬಾಣಂತನಕ್ಕೆಂದೇ ಒಂದು ಜೋಡಿಪದವಿದೆ: ಶೇಕ-ಶೇಗಡಿ. ಶೇಕ ಎಂದರೆ ಮೈಗೆ ಕೊಡುವ ಕಾವು. ಶೇಗಡಿ ಎಂದರೆ ಕೆಂಡದ ಒಲೆ, ಕನ್ನಡದ ಅಗ್ಗಿಷ್ಟಿಕೆ. ಹೆತ್ತವಳನ್ನು ಹುರಿಮಂಚದ ಮೇಲೆ ಮಲಗಿಸಿ, ಕೆಳಗೆ ಶೇಗಡಿ ಇಟ್ಟು, ಕೆಂಡದ ಮೇಲೆ ಓಮದ ಕಾಳು ಚೆಲ್ಲಿ ಹೊಗೆ ಹಾಕುವರು. ಬಟ್ಟೆಯ ಗಂಟೊಂದನ್ನು ಬಿಸಿ ಮಾಡಿ ಸೊಂಟಕ್ಕೂ ಬೆನ್ನಿಗೂ ಒತ್ತುವರು. ಈ ಆರೈಕೆ ‘ಸವ್ವಾ ಮಹಿನಾ’, ಅಂದರೆ ಒಂದೂಕಾಲು ತಿಂಗಳು ನಡೆಯಬೇಕೆಂಬುದು ರೂಢಿ. ಹಳ್ಳಿಯಲ್ಲಿ ಅದಕ್ಕೊಂದು ಬಾಣಂತಿ ಕೋಣೆ, ಕೈಯಾಸರೆಗೆ ತಾಯಿಯೋ ಅತ್ತೆಯೋ ಇರುತ್ತಿದ್ದರು. ಮುಂಬಯಿಯ ಗಿರಣಿಗಳಿಗೆ ದುಡಿಯಲು ಬಂದವರ ಚಾಳಿನಲ್ಲಿ ಇದ್ದದ್ದು ಒಂದೇ ಕೋಣೆ, ಒಂದೇ ಒಲೆ. ಮನೆಮಂದಿಯ ಅನ್ನ ಬೇಯಬೇಕಾದದ್ದೂ ಅದರ ಮೇಲೆಯೇ.

ಆ ಗಂಟಿನೊಳಗಿನ ಸಾಮಾನು ಮಾತ್ರ ನಗರಕ್ಕಿಂತ ಬಹಳ ಹಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿ ಸ್ವೇದನದ, ಎಂದರೆ ಕಾವು ಕೊಟ್ಟು ಬೆವರಿಸುವ ಚಿಕಿತ್ಸೆಯ ವಿಚಾರ. ಬೆಂಕಿಯ ನೆರವಿನಿಂದ ಮಾಡುವ 13 ಬಗೆಗಳನ್ನು ಅದು ಎಣಿಸುತ್ತದೆ. ಮೊದಲನೆಯದೇ ಸಂಕರ ಸ್ವೇದ: ಬಿಸಿಯಾದ ಪದಾರ್ಥವನ್ನು ಬಟ್ಟೆಯಲ್ಲಿ ಕಟ್ಟಿಯೋ ಕಟ್ಟದೆಯೋ ಮೈಗೆ ಒತ್ತುವುದು. ಎಳ್ಳು, ಉದ್ದು, ಕುಲತ್ಥಗಳ ಉಂಡೆ ಒಂದು ಬಗೆಯ ನೋವಿಗೆ. ಮರಳು, ಧೂಳು, ಕಲ್ಲುಗಳ ಒಣಗಂಟು ಇನ್ನೊಂದಕ್ಕೆ. ಅಲ್ಲಿಯ ಕುಲತ್ಥವೇ ಮರಾಠಿಯ ಕುಳೀಥ, ತುಳುವಿನ ಕುಡು, ಕನ್ನಡದ ಹುರುಳಿ. ಗಿರಣಗಾಂವ್‌ಗೆ ಬಹಳಷ್ಟು ಜನರನ್ನು ಕಳಿಸಿದ ರತ್ನಾಗಿರಿ ಸೀಮೆಯಲ್ಲೂ, ಹೋಟೆಲುಗಳಿಗೆ ಹುಡುಗರನ್ನು ಕಳಿಸಿದ ದಕ್ಷಿಣ ಕನ್ನಡದಲ್ಲೂ ಹುರುಳಿ ಬಡವರ ಮನೆಯ ಕಾಳು. ಸಾರಿಗೂ ಅದೇ, ಸೊಂಟನೋವಿಗೂ ಅದೇ.

ನೋವಿಗೇನೂ ಬರವಿರಲಿಲ್ಲ. ಮುಂಬಯಿಯ ಮೊದಲ ಹತ್ತಿ ಗಿರಣಿ ತಾಡದೇವದಲ್ಲಿ ಶುರುವಾದದ್ದು 1850ರ ದಶಕದಲ್ಲಿ. ಬಟ್ಟೆ ಗಿರಣಿಯಲ್ಲಿ ವಯಸ್ಕ ಗಂಡಸು ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಯಬಾರದೆಂಬ ಕಾಯ್ದೆ ಬರಲು 1911ರವರೆಗೆ ಕಾಯಬೇಕಾಯಿತು. 1922ರಲ್ಲಿ ಅದು 11 ಗಂಟೆಗೆ, 1934ರಲ್ಲಿ 10ಕ್ಕೆ, 1948ರಲ್ಲಿ 9ಕ್ಕೆ ಇಳಿಯಿತು. ನೂಲು ಕಡಿಯದಿರಲೆಂದು ನೇಯ್ಗೆ ಶಾಲೆಯ ಗಾಳಿಯನ್ನು ಸದಾ ತೇವವಾಗಿಡುತ್ತಿದ್ದರು. ಆ ಸೆಕೆಯಲ್ಲಿ ನಿಂತೇ ದಿನ ಕಳೆದವನ ಕಾಲು, ಸೊಂಟ ರಾತ್ರಿ ಬಿಗಿದುಕೊಳ್ಳುತ್ತಿದ್ದವು. ಹೆಂಗಸರು ಹೆಚ್ಚಾಗಿ ನೂಲು ಸುತ್ತುವ ಖಾತೆಗಳಲ್ಲಿದ್ದರು. ಅವರ ಪಾಳಿ ಮುಗಿದ ಮೇಲೆ ಮನೆಯಲ್ಲಿ ಇನ್ನೊಂದು ಪಾಳಿ ಕಾದಿರುತ್ತಿತ್ತು.

ಹೆಂಗಸರ ವಿಷಯದಲ್ಲಿ ಕಾಯ್ದೆ ಮತ್ತು ಗಂಟು ಎದುರುಬದುರಾದದ್ದು 1929ರಲ್ಲಿ. ಆ ವರ್ಷದ ಮುಂಬಯಿ ಹೆರಿಗೆ ಸೌಲಭ್ಯ ಕಾಯ್ದೆ ಭಾರತದಲ್ಲೇ ಆ ಬಗೆಯ ಮೊದಲನೆಯದು. ಹೆರಿಗೆಯಾದ ನಾಲ್ಕು ವಾರ ಗಿರಣಿ ಕೆಲಸ ಕೂಡದು, ಆ ಅವಧಿಗೆ ಭತ್ಯೆ ಕೊಡಬೇಕು ಎಂದಿತು. ಅದಕ್ಕೆ ಮೊದಲು ಏನೂ ಇಲ್ಲದವರಿಗೆ ಇದು ದೊಡ್ಡದೇ. ಆದರೂ ಲೆಕ್ಕ ತಾಳೆಯಾಗಲಿಲ್ಲ: ರೂಢಿ ಕೇಳುತ್ತಿದ್ದದ್ದು ಒಂದೂಕಾಲು ತಿಂಗಳು, ಕಾಯ್ದೆ ಕೊಟ್ಟದ್ದು 28 ದಿನ. ಉಳಿದ ಹತ್ತು ದಿನಗಳ ಆರೈಕೆ ಪಾಳಿ ಮುಗಿದ ಮೇಲೆ, ಅಡುಗೆ ಇಳಿಸಿದ ಕೆಂಡದ ಮೇಲೆ ನಡೆಯಬೇಕಿತ್ತು. ಇಂಥ ಕಡೆ ಗಂಟಿನ ಗುಣ ಎದ್ದು ಕಾಣುತ್ತದೆ. ಅದಕ್ಕೆ ಬೇರೆ ಬೆಂಕಿ ಬೇಡ, ವೈದ್ಯ ಬೇಡ, ರಜೆ ಬೇಡ.

ಗಂಟು ಕಟ್ಟುವುದರಲ್ಲೂ ಒಂದು ಲೆಕ್ಕವಿದೆ. ಹಳೆಯ ಹತ್ತಿಬಟ್ಟೆಯಲ್ಲಿ ಎರಡು ಹಿಡಿ ಹುರುಳಿಯನ್ನೋ ಕಲ್ಲುಪ್ಪನ್ನೋ ಸಡಿಲವಾಗಿ ಕಟ್ಟಬೇಕು. ಬಿಗಿಯಾಗಿ ಕಟ್ಟಿದರೆ ಮೈಯ ತಿರುವಿಗೆ ಒಗ್ಗದು. ಕಾದ ಹಂಚಿನ ಮೇಲೆ ಒತ್ತಿ, ಮೊದಲು ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ನೋವಿಗೆ. ಉಪ್ಪು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಾಳಿನೊಳಗೆ ಸ್ವಲ್ಪ ತೇವವಿರುವುದರಿಂದ ಅದರ ಕಾವು ತುಸು ಹಸಿ, ತುಸು ನಿಧಾನ. ಎಲ್ಲಕ್ಕಿಂತ ಹೆಚ್ಚು ಶಾಖ ಹಿಡಿಯುವುದು ನೀರು: ಒಂದೇ ತೂಕದ ಉಪ್ಪಿಗಿಂತ ಸುಮಾರು ಐದು ಪಟ್ಟು. ಆದರೆ ನೀರನ್ನು ಬಟ್ಟೆಯಲ್ಲಿ ಕಟ್ಟಲಾಗದು.

ಆ ತೊಡಕನ್ನು ಬಿಡಿಸಿದ್ದು ರಬ್ಬರು. ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬಿಸಿಗೆ ಅಂಟಾಗದು ಎಂದು ತೋರಿಸಿದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಹಕ್ಕುಪತ್ರ ಪಡೆದದ್ದು 1844ರಲ್ಲಿ. 1903ರಲ್ಲಿ ಝಾಗ್ರೆಬ್‌ನ ಸ್ಲಾವೊಲ್ಯುಬ್ ಪೆಂಕಾಲಾ ಬಿಸಿನೀರಿನ ಚೀಲಕ್ಕೆ ಹಕ್ಕುಪತ್ರ ಪಡೆದ. ಔಷಧದಂಗಡಿಯ ಕೆಂಪು ಚೀಲ ಆ ಕುಲದ್ದೇ. ಚಾಳಿನಲ್ಲಿ ಅದಕ್ಕೂ ತೊಡಕಿತ್ತು. ನೀರು ಬರುವುದು ಸಾಮೂಹಿಕ ನಲ್ಲಿಯಲ್ಲಿ, ಹೊತ್ತು ನೋಡಿ. ಅದನ್ನು ಕಾಯಿಸಲು ಬೇಕಾದ ಸೀಮೆಎಣ್ಣೆ ರೇಷನ್ನಿನದು. ಚೀಲ ಬಂತು ನಿಜ, ಗಂಟು ಹೋಗಲಿಲ್ಲ. 1950ರ ದಶಕದಲ್ಲಿ ಬರ್ಮಾ ಶೆಲ್ ಕಂಪನಿ ಮುಂಬಯಿಯಲ್ಲಿ ಅಡುಗೆ ಅನಿಲ ಮಾರಲು ತೊಡಗಿತು. ಮುಂದೆ ಸಿಲಿಂಡರು ಮನೆಮನೆಗೆ ಬಂದಂತೆ ಮಂಚದ ಕೆಳಗಿನ ಶೇಗಡಿ ಹಿಂದೆ ಸರಿಯಿತು. ಅದೊಂದು ಒಳ್ಳೆಯದೇ ಆಯಿತು: ಗಾಳಿಯಾಡದ ಕೋಣೆಯ ಇದ್ದಿಲ ಹೊಗೆ ತಾಯಿಗೂ ಕೂಸಿಗೂ ವಿಷ. ಗಂಟು ಮಾತ್ರ ಒಲೆಯಿಂದ ಒಲೆಗೆ ಹಾರುತ್ತ ಉಳಿಯಿತು. ಇಂದು ಅಂಧೇರಿ, ಠಾಣೆಯ ಫ್ಲ್ಯಾಟುಗಳಲ್ಲಿ ಕಾಲುಚೀಲಕ್ಕೆ ಅಕ್ಕಿ ತುಂಬಿ ಮೈಕ್ರೋವೇವ್‌ನಲ್ಲಿ ಒಂದೆರಡು ನಿಮಿಷ ಇಡುವುದೂ ಸಂಕರ ಸ್ವೇದವೇ.

ಇದನ್ನು ಬರೀ ಅಜ್ಜಿಮದ್ದು ಎಂದು ತಳ್ಳಿಹಾಕುವಂತಿಲ್ಲ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಮುಟ್ಟಿನ ನೋವಿಗೆ ಹೊಟ್ಟೆಯ ಮೇಲೆ ಸುಮಾರು 39 ಡಿಗ್ರಿಯ ಕಾವನ್ನು ಎಡೆಬಿಡದೆ ಕೊಟ್ಟಾಗ ಐಬುಪ್ರೊಫೆನ್ ಮಾತ್ರೆಯಷ್ಟೇ ಗುಣ ಕಂಡಿತು. ಗಮನಿಸಬೇಕಾದದ್ದು ಆ ಅಂಕಿ: ಬೇಕಾದದ್ದು ಸುಡುವ ಬಿಸಿಯಲ್ಲ, ಹದವಾದ ಕಾವು. 44 ಡಿಗ್ರಿಯೂ ಐದಾರು ಗಂಟೆ ಒಂದೇ ಕಡೆ ತಗುಲಿದರೆ ಚರ್ಮ ಸುಡುತ್ತದೆ. 60 ಡಿಗ್ರಿಗೆ ಕೆಲವು ಸೆಕೆಂಡು ಸಾಕು. ಹಾಗಾಗಿ ಗಂಟನ್ನು ಮೈಮೇಲಿಟ್ಟುಕೊಂಡು ನಿದ್ದೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಸುಟ್ಟದ್ದೇ ತಿಳಿಯದು. ಚರಕ ಸಂಹಿತೆಯೂ ಬೆವರಿಸಬಾರದವರ ಪಟ್ಟಿಯಲ್ಲಿ ಮಧುಮೇಹಿಯನ್ನು ಸೇರಿಸಿದೆ, ಗರ್ಭಿಣಿಯನ್ನೂ.

ಕಾಯ್ದೆಯ 28 ದಿನ ಮುಂದೆ ಬೆಳೆಯಿತು. 1961ರ ಕೇಂದ್ರ ಕಾಯ್ದೆಯಲ್ಲಿ ಹೆರಿಗೆ ರಜೆ 12 ವಾರವಾಯಿತು, 2017ರಲ್ಲಿ 26 ವಾರ. ಅಷ್ಟರಲ್ಲಿ ಗಿರಣಿಗಳು ಮುಚ್ಚಿದ್ದವು. 1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಗಿರಣಗಾಂವ್ ಚೇತರಿಸಿಕೊಳ್ಳಲೇ ಇಲ್ಲ. ಈಗ ಅದೇ ನಗರದ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸರಿಗೆ ಆ 26 ವಾರಗಳ ಸಂಬಳದ ರಜೆ ಸಿಗುವುದಿಲ್ಲ. ಅವರ ಸೊಂಟಕ್ಕೆ ಸಿಗುವುದು ರಾತ್ರಿ ಅಡುಗೆ ಮುಗಿದ ಮೇಲೆ, ಇನ್ನೂ ಆರದ ಹಂಚಿನ ಮೇಲೆ ಕಾಯಿಸಿದ ಒಂದು ಹಿಡಿ ಉಪ್ಪಿನ ಗಂಟು.