ದೈಹಿಕ ಹಸಿವು ಮತ್ತು ಭಾವನಾತ್ಮಕ ಬಯಕೆ: ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ದೇಹವು ನೀಡುವ ಹಸಿವು ಹಾಗೂ ತೃಪ್ತಿಯ ಸೂಚನೆಗಳನ್ನು ಅರಿತು ಆಹಾರ ಸೇವಿಸುವ ಕ್ರಮಕ್ಕೆ 'ಇಂಟ್ಯೂಟಿವ್ ಈಟಿಂಗ್' ಎಂದು ಹೆಸರು. ಅಮೆರಿಕದ ಆಹಾರತಜ್ಞೆಯರಾದ ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಅವರು 1995ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಇದು ಪ್ರಚಾರಕ್ಕೆ ಬಂದಿತು. ಇದು ತೂಕ ಇಳಿಸುವ ಪಥ್ಯವಲ್ಲ. ಇದನ್ನು ರೂಢಿಸಿಕೊಳ್ಳುವವರಿಗೆ ಮೊದಲು ಎದುರಾಗುವ ಪ್ರಶ್ನೆಯೆಂದರೆ, ಈಗ ಬಂದಿರುವುದು ಹೊಟ್ಟೆಯ ಹಸಿವೇ ಅಥವಾ ಮನಸ್ಸಿನ ಬಯಕೆಯೇ ಎಂಬುದು.

1. ಹಸಿವು ಉಂಟಾಗುವ ಬಗೆ

ಹೊಟ್ಟೆ ಬರಿದಾದಾಗ ಜಠರದಿಂದ 'ಗ್ರೆಲಿನ್' ಎಂಬ ಹಾರ್ಮೋನು ಹೆಚ್ಚಾಗಿ ಸ್ರವಿಸಿ, ಮೆದುಳಿನ ಹೈಪೋಥಲಾಮಸ್ ಭಾಗಕ್ಕೆ ಹಸಿವಿನ ಸೂಚನೆ ತಲುಪುತ್ತದೆ. ಊಟ ಪ್ರಾರಂಭಿಸಿದ ನಂತರ ತೃಪ್ತಿಯ ಸೂಚನೆ ಪೂರ್ಣವಾಗಿ ತಲುಪಲು ಸುಮಾರು 20 ನಿಮಿಷ ಬೇಕಾಗಬಹುದು. ಆದುದರಿಂದ ಅವಸರದಲ್ಲಿ ಉಂಡವರು ಅಗತ್ಯಕ್ಕಿಂತ ಹೆಚ್ಚು ಉಣ್ಣುವ ಸಂಭವವಿದೆ. ದೀರ್ಘಕಾಲದ ಮಾನಸಿಕ ಒತ್ತಡದಲ್ಲಿ 'ಕಾರ್ಟಿಸಾಲ್' ಹಾರ್ಮೋನಿನ ಪ್ರಮಾಣ ಏರಿ, ಸಿಹಿ ಮತ್ತು ಕರಿದ ತಿನಿಸುಗಳತ್ತ ಒಲವು ಹೆಚ್ಚಬಹುದು.

2. ಸಾಮಾನ್ಯ ವ್ಯತ್ಯಾಸಗಳು

(ಅ) ಆರಂಭ: ದೈಹಿಕ ಹಸಿವು ಕ್ರಮೇಣ ಹೆಚ್ಚುತ್ತದೆ. ಭಾವನಾತ್ಮಕ ಬಯಕೆ ಬಹುತೇಕ ಹಠಾತ್ತನೆ ಬರುತ್ತದೆ.
(ಆ) ಲಕ್ಷಣ: ಹಸಿದಾಗ ಹೊಟ್ಟೆ ಚುರುಗುಟ್ಟುವುದು, ನಿಶ್ಶಕ್ತಿ, ತಲೆನೋವು, ಸಿಡುಕು ಕಾಣಿಸಿಕೊಳ್ಳಬಹುದು. ಬಯಕೆಯ ಹಿಂದೆ ಬೇಸರ, ಒಂಟಿತನ, ಆತಂಕ ಅಥವಾ ದಣಿವು ಇರಬಹುದು.
(ಇ) ಆಯ್ಕೆ: ಹಸಿದವರಿಗೆ ಮುದ್ದೆ ಸಾರಾಗಲಿ, ಮೊಸರನ್ನವಾಗಲಿ ಒಪ್ಪಿತವಾಗುತ್ತದೆ. ಬಯಕೆಯು ಚಕ್ಕುಲಿ, ಚಾಕೊಲೇಟು ಮುಂತಾದ ನಿರ್ದಿಷ್ಟ ತಿನಿಸನ್ನೇ ಕೇಳುತ್ತದೆ.
(ಈ) ಮುಕ್ತಾಯ: ಹಸಿವು ಊಟದಿಂದ ಶಮನವಾಗುತ್ತದೆ. ಬಯಕೆಯು ಹೊಟ್ಟೆ ತುಂಬಿದರೂ ಉಳಿಯಬಹುದು.

ಇವು ಮಾರ್ಗದರ್ಶಕ ಲಕ್ಷಣಗಳೇ ಹೊರತು ಖಚಿತ ಪರೀಕ್ಷೆಗಳಲ್ಲ. ಮಧ್ಯಾಹ್ನದ ಊಟ ಬಿಟ್ಟು, ಕೆಲಸದ ಒತ್ತಡದಿಂದ ಬಳಲಿ ಸಂಜೆ ಬೋಂಡಾ ತಿನ್ನುವವರಲ್ಲಿ ಹಸಿವು ಮತ್ತು ಬಯಕೆ ಎರಡೂ ಕೂಡಿರುತ್ತವೆ.

3. ಗುರುತಿಸುವ ವಿಧಾನ

ಒಂದೆರಡು ವಾರಗಳ ಕಾಲ ಚಿಕ್ಕ ಪುಸ್ತಕವೊಂದರಲ್ಲಿ ನಾಲ್ಕು ಕಲಂಗಳನ್ನು ಬರೆದಿಡುವುದು ಉಪಯುಕ್ತ: ವೇಳೆ, ಹಿಂದಿನ ಊಟದಿಂದ ಕಳೆದ ಗಂಟೆಗಳು, ದೇಹದ ಲಕ್ಷಣ, ಮನಸ್ಸಿನ ಸ್ಥಿತಿ. ತಿಂದುದರ ಅಳತೆ ಬರೆಯುವ ಅಗತ್ಯವಿಲ್ಲ. ಇದು ತಪ್ಪುಗಳನ್ನು ಎಣಿಸುವ ಲೆಕ್ಕವಲ್ಲ. ತಮ್ಮ ರೂಢಿಯನ್ನು ತಾವೇ ತಿಳಿಯುವ ಸಾಧನ.

4. ಊಟ ಬಿಡುವುದರ ಪರಿಣಾಮ

1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಅವರ ನೇತೃತ್ವದಲ್ಲಿ 36 ಆರೋಗ್ಯವಂತ ಪುರುಷರಿಗೆ ಹಲವು ತಿಂಗಳು ಆಹಾರವನ್ನು ಕಡಿತಗೊಳಿಸಿ ಅಧ್ಯಯನ ನಡೆಸಲಾಯಿತು. ಅವರ ಆಲೋಚನೆಯನ್ನೆಲ್ಲ ಆಹಾರವೇ ಆವರಿಸಿತು. ನಿರ್ಬಂಧ ತೆಗೆದ ನಂತರ ಅನೇಕರು ಮಿತಿಮೀರಿ ತಿಂದರು. ಕಟ್ಟುನಿಟ್ಟಿನ ಪಥ್ಯದಲ್ಲಿರುವವರು ಹಾಗೂ ಎಲ್ಲರಿಗೂ ಬಡಿಸಿ ಹೊತ್ತು ಮೀರಿ ಉಣ್ಣುವ ಗೃಹಿಣಿಯರು ಇದನ್ನು ಗಮನಿಸುವುದು. ತೀವ್ರ ಬಯಕೆಯು ಮನಸ್ಸಿನ ದೌರ್ಬಲ್ಯವಾಗಿರದೆ, ಸಾಲದ ಊಟದ ಫಲವಾಗಿರಬಹುದು. ಅಂಥವರು ಮೊದಲು ಹೊತ್ತಿಗೆ ಸರಿಯಾಗಿ ಊಟ ಮಾಡತಕ್ಕದ್ದು.

5. ಬಯಕೆಯೆಂದು ತಿಳಿದುಬಂದಲ್ಲಿ

ಬಯಕೆಯ ಹಿಂದಿರುವ ಅಗತ್ಯವನ್ನು ವಿಚಾರಿಸಿಕೊಳ್ಳುವುದು. ದಣಿವಾಗಿದ್ದಲ್ಲಿ ವಿಶ್ರಾಂತಿ, ಒಂಟಿತನವಿದ್ದಲ್ಲಿ ಆತ್ಮೀಯರೊಂದಿಗೆ ಮಾತುಕತೆ ಹೆಚ್ಚು ಫಲಕಾರಿ. ಆನಂತರವೂ ತಿನ್ನಬೇಕೆನಿಸಿದಲ್ಲಿ ಕುಳಿತು, ನಿಧಾನವಾಗಿ, ರುಚಿಯನ್ನು ಅನುಭವಿಸಿ ತಿನ್ನಬಹುದು. ಹಬ್ಬದ ಹೋಳಿಗೆಯನ್ನು ಯಾರೂ ಕೇವಲ ಹಸಿವಿಗಾಗಿ ತಿನ್ನುವುದಿಲ್ಲ. ಸಂತೋಷಕ್ಕಾಗಿ ತಿನ್ನುವುದು ಅಪರಾಧವಲ್ಲ.

6. ಎಚ್ಚರಿಕೆ

(ಅ) ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ಪಡೆಯುವ ಮಧುಮೇಹಿಗಳು ಹಸಿವಿಗಾಗಿ ಕಾಯದೆ, ವೈದ್ಯರು ಸೂಚಿಸಿದ ವೇಳೆಗೆ ಆಹಾರ ಸೇವಿಸತಕ್ಕದ್ದು. ನಡುಕ, ಬೆವರು, ಎದೆಬಡಿತದೊಂದಿಗೆ ಹಠಾತ್ ಹಸಿವು ಬಂದಲ್ಲಿ ಅದು ರಕ್ತದಲ್ಲಿ ಸಕ್ಕರೆ ಕುಸಿದಿರುವ ಲಕ್ಷಣವಾಗಿರಬಹುದು; ಅದನ್ನು ಬಯಕೆಯೆಂದು ಕಡೆಗಣಿಸದೆ ಕೂಡಲೇ ಸಕ್ಕರೆ ಅಥವಾ ಗ್ಲುಕೋಸ್ ಸೇವಿಸತಕ್ಕದ್ದು.
(ಆ) ವೃದ್ಧರಲ್ಲಿ ಮತ್ತು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಲ್ಲಿ ಹಸಿವಿನ ಸೂಚನೆ ಮಂದವಾಗಿರುವುದರಿಂದ, ಹಸಿವಿಲ್ಲವೆಂದು ಊಟ ಬಿಡಬಾರದು.
(ಇ) ಹತೋಟಿ ತಪ್ಪಿ ತಿನ್ನುವುದು, ತಿಂದು ಬಲವಂತವಾಗಿ ವಾಂತಿ ಮಾಡುವುದು ಅಥವಾ ಊಟವನ್ನೇ ತ್ಯಜಿಸುವುದು ಚಿಕಿತ್ಸೆಯಿಂದ ಸರಿಪಡಿಸಬಹುದಾದ ಸ್ಥಿತಿಗಳು. ಅಂಥವರು ವೈದ್ಯರನ್ನು ಕಾಣುವುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಆಪ್ತ ಸಲಹೆ ಪಡೆಯಬಹುದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.