ಝೀರೋ ಪಾಯಿಂಟ್ ಎಲ್ಲಿ?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಊರು ಮುಗಿಯುವಷ್ಟರಲ್ಲಿ ಮಚ್ಛೆ ಸಿಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಹಲಗಾದಿಂದ ಈ ಮಚ್ಛೆಗೆ ಒಂದು ಬೈಪಾಸ್ ಮಾಡುವ ಯೋಜನೆ ಹಾಕಿದಾಗ ಅದರ ಉದ್ದ ಹೆಚ್ಚೇನಲ್ಲ, ಸುಮಾರು 9.5 ಕಿಲೋಮೀಟರ್. ಆದರೆ ಅದು ಹಾದುಹೋಗುವುದು ಶಹಾಪುರ, ವಡಗಾವಿ, ಅನಗೋಳ ಸೀಮೆಯ ಕಪ್ಪು ಮಣ್ಣಿನ ಗದ್ದೆಗಳ ನಡುವೆ. ಮಳೆಗಾಲದಲ್ಲಿ ಭತ್ತ, ಅದು ಕೊಯ್ದ ಮೇಲೆ ಕಡಲೆ, ಮಸೂರು, ತರಕಾರಿ ಬೆಳೆಯುವ ನೆಲ ಇದು. ಇಲ್ಲಿನ ರೈತರು ವರ್ಷಗಟ್ಟಲೆ ಕೋರ್ಟು ಹತ್ತಿ ಕೇಳಿದ ಮುಖ್ಯ ಪ್ರಶ್ನೆ ದರದ್ದಲ್ಲ. ರಸ್ತೆ ಲೆಕ್ಕಕ್ಕೆ ಬರುವುದು ಎಲ್ಲಿಂದ, ಅದರ ‘ಝೀರೋ ಪಾಯಿಂಟ್’ ಎಲ್ಲಿ ಎಂದು ಅವರು ಕೇಳಿದರು. ಅಧಿಸೂಚನೆಯ ಪ್ರಕಾರ ಆ ಬಿಂದು ಊರೊಳಗಿನ ಫಿಶ್ ಮಾರ್ಕೆಟ್ ಬಳಿ ಇದೆ, ಕಾಮಗಾರಿ ಮಾತ್ರ ಹಲಗಾದಲ್ಲಿ ಶುರುವಾಗುತ್ತಿದೆ ಎಂಬುದು ಅವರ ವಾದ. ನಡುವೆ ಕೋರ್ಟಿನ ತಡೆಯಾಜ್ಞೆಯೂ ಬಂತು. 2021ರ ನವೆಂಬರಿನಲ್ಲಿ ಪೊಲೀಸ್ ಕಾವಲಿನಲ್ಲಿ ಯಂತ್ರಗಳು ಗದ್ದೆಗೆ ಇಳಿದದ್ದೂ ಆಯಿತು. ಪರಿಹಾರ ಬೇಕು, ರಸ್ತೆ ಬೇಡ ಎನ್ನುವ ಜನ ಎಂದು ಅವರನ್ನು ಹಲವರು ಹೀಗಳೆದರು. ನನಗೆ ಆ ತಕರಾರು ಈ ಪ್ರದೇಶದ ಒಂದು ಹಳೆಯ ಹಕ್ಕೊತ್ತಾಯದ ಮುಂದುವರಿಕೆಯಾಗಿ ಕಾಣುತ್ತದೆ. ಜನರ ಕೈಯಲ್ಲಿರುವುದನ್ನು ವಾಪಸ್ ಪಡೆಯಲು ಬರುವವನು ಎಷ್ಟು, ಯಾಕೆ, ಯಾವ ಲೆಕ್ಕದಲ್ಲಿ ಎಂಬುದನ್ನು ಮೊದಲು ಬಿಡಿಸಿ ಹೇಳಬೇಕು. ಹೇಳುವ ಹೊಣೆ ಕೇಳಲು ಬಂದವನದು. ಬೆಳಗಾವಿ, ಖಾನಾಪುರಗಳ ಸುಮಾರು ಎರಡು ಶತಮಾನದ ಭೂಮಿಯ ಇತಿಹಾಸ ಈ ಮಾತಿಗೆ ಸಾಕ್ಷಿ ಕೊಡುತ್ತದೆ.

ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿದ್ದು 1818ರಲ್ಲಿ. ಪೇಶ್ವೆಯ ರಾಜ್ಯದ ಜೊತೆಗೆ ಸಾವಿರಾರು ಇನಾಮು ಜಮೀನುಗಳೂ ಅವರ ಲೆಕ್ಕದ ಪುಸ್ತಕಕ್ಕೆ ಬಂದವು. ದೇವಸ್ಥಾನಕ್ಕೆ ಬಿಟ್ಟದ್ದು, ಮಠಕ್ಕೆ ಬಿಟ್ಟದ್ದು, ದೇಸಾಯಿ, ದೇಶಪಾಂಡೆ, ಕುಲಕರ್ಣಿಗಳಿಗೆ ಚಾಕರಿಗಾಗಿ ಕೊಟ್ಟದ್ದು, ಯುದ್ಧದಲ್ಲಿ ಸತ್ತವನ ಮಕ್ಕಳಿಗೆ ಕೊಟ್ಟದ್ದು. ಕಂದಾಯವಿಲ್ಲದ ಇಷ್ಟು ನೆಲ ಸರ್ಕಾರದ ಕಣ್ಣಿಗೆ ನಷ್ಟವಾಗಿ ಕಂಡಿತು. ದಕ್ಷಿಣ ಮರಾಠಾ ಸೀಮೆಯಲ್ಲಿ, ಅಂದರೆ ಧಾರವಾಡ ಬೆಳಗಾವಿಗಳಲ್ಲಿ, 1843ರಲ್ಲಿ ಶುರುವಾದ ತನಿಖೆಗೆ 1852ರ 11ನೆಯ ಕಾಯ್ದೆ ಶಾಸನದ ಬಲ ಕೊಟ್ಟಿತು. ಅದೇ ಇನಾಂ ಕಮಿಷನ್. ಅದರ ಕ್ರಮ ಹೀಗಿತ್ತು: ಇನಾಮುದಾರ ತನ್ನ ಸನದು, ಅಂದರೆ ಇನಾಮು ಕೊಟ್ಟ ಪತ್ರ, ತಂದು ತೋರಿಸಬೇಕು, ಅದು ಸಾಚಾ ಎಂದು ಅವನೇ ಸಾಬೀತು ಮಾಡಬೇಕು. ಆದರೆ ಆ ಸನದನ್ನು ತಾಳೆ ನೋಡಬೇಕಾದ ಪೇಶ್ವೆ ದಫ್ತರ, ಮೋಡಿ ಲಿಪಿಯ ಆ ಸಾವಿರಾರು ರುಮಾಲು ಕಟ್ಟುಗಳು, ಪುಣೆಯಲ್ಲಿ ಸರ್ಕಾರದ ವಶದಲ್ಲಿದ್ದವು. ಕೇಳುವವನ ಕೈಯಲ್ಲಿ ಪೂರಾ ದಾಖಲೆ, ಉತ್ತರ ಕೊಡಬೇಕಾದವನ ಕೈಯಲ್ಲಿ ಗೆದ್ದಲು ತಿಂದು ಉಳಿದ ಒಂದು ಹಾಳೆ. ತೀರ್ಪು ಸರಿಬಾರದಿದ್ದರೆ ಅಪೀಲು ಹೋಗಬೇಕಾದದ್ದೂ ಸರ್ಕಾರದ ಬಳಿಗೇ. 1857ಕ್ಕೆ ಹಿಂದಿನ ಐದು ವರ್ಷಗಳಲ್ಲಿ ದಖನ್ನಿನಲ್ಲಿ ಸುಮಾರು 20,000 ಇನಾಮುಗಳು ಮುಟ್ಟುಗೋಲಾದವು ಎಂಬ ಅಂದಾಜು ಇತಿಹಾಸದ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇದರ ಫಲ ಬೆಳಗಾವಿಗೆ ಚೆನ್ನಾಗಿ ಗೊತ್ತು. ನರಗುಂದದ ಅರಸ ಬಾಬಾಸಾಹೇಬ ಭಾವೆ ದತ್ತು ಸ್ವೀಕಾರಕ್ಕೆ ಅನುಮತಿ ಸಿಗದೆ ರೊಚ್ಚಿಗೆದ್ದರು. 1858ರ ಮೇ ತಿಂಗಳ ಕೊನೆಯಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನ ಹತ್ಯೆಯಾಯಿತು. ಆತ ಮೊದಲು ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವನು. ಎರಡು ವಾರದೊಳಗೆ, ಜೂನ್ 12ರಂದು, ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಆಮೇಲೆ ಸರ್ಕಾರವೇ ದಾರಿ ಬದಲಿಸಿತು. 1863ರ ಮುಂಬಯಿ 2ನೆಯ ಕಾಯ್ದೆ ಇನಾಮುದಾರರ ಮುಂದೆ ಒಂದು ಒಪ್ಪಂದ ಇಟ್ಟಿತು: ಕಂದಾಯದ ರೂಪಾಯಿಗೆ ಇಷ್ಟು ಆಣೆ ಎಂದು ಗೊತ್ತುಮಾಡಿದ ಜೂಡಿ ಕಟ್ಟುತ್ತ ಬಂದರೆ ಸನದಿನ ವಿಚಾರಣೆ ಇಲ್ಲ, ಜಮೀನು ವಂಶಪಾರಂಪರ್ಯವಾಗಿ ನಿಮ್ಮದು, ಮಾರಲೂಬಹುದು. ಒಪ್ಪದವನಿಗೆ ಹಳೆಯ ವಿಚಾರಣೆಯ ದಾರಿ ತೆರೆದೇ ಇತ್ತು. ಇದು ಉದಾರತೆಯೇನೂ ಅಲ್ಲ, ಕಂದಾಯವಿಲ್ಲದ ನೆಲದಿಂದ ಕಂದಾಯ ಬರತೊಡಗಿತು. ಆದರೂ ಬಹಳ ಮಂದಿ ಒಪ್ಪಿದರು. ಏನು ಕಳೆದುಕೊಳ್ಳುತ್ತೇನೆ, ಏನು ಉಳಿಯುತ್ತದೆ ಎಂಬುದನ್ನು ಮನೆಯಲ್ಲಿ ಕೂತು ಲೆಕ್ಕ ಹಾಕಲು ಬರುವಂತಿತ್ತು. ಸನ್ 1858ರ ನೇಣುಗಂಬ ನೋಡಿದ ಜನ ಭಯದಿಂದ ಸಹಿ ಹಾಕಿದರು, ಸ್ಪಷ್ಟತೆಯ ಮಾತೆಲ್ಲಿ ಬಂತು ಎಂದು ಯಾರಾದರೂ ಕೇಳಬಹುದು. ಭಯ ಇದ್ದದ್ದು ನಿಜ. ಆದರೆ ಕಮಿಷನ್ನಿನ ಕಾಲದಲ್ಲಿ ಭಯ ಅದಕ್ಕಿಂತ ಕಡಿಮೆಯಿರಲಿಲ್ಲ, ಆಗ ಅದು ಒಪ್ಪಿಗೆಯನ್ನು ತರಲಿಲ್ಲ, ಬಂಡಾಯವನ್ನು ತಂದಿತು. ಎರಡು ಹೊತ್ತಿನಲ್ಲೂ ಆಳುವವರು ಇಂಗ್ಲಿಷರೇ, ನೆಲವೂ ಅದೇ. ಬದಲಾದದ್ದು ಕಾಗದದ ಮೇಲೆ ದರ ಕಾಣಿಸಿಕೊಂಡದ್ದು.

ಖಾನಾಪುರದ ಕಾಡಿನ ಕಡೆ ಆ ದರ ಕಾಣಿಸಲೇ ಇಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿ, ಮಹದಾಯಿ ಹುಟ್ಟುವ ದೇಗಾಂವ, ಇವೆಲ್ಲ ಸಹ್ಯಾದ್ರಿಯ ನೆತ್ತಿಯ ಊರುಗಳು. ಕಾಡು ಕಡಿದು ಸುಟ್ಟು ಬೂದಿಯಲ್ಲಿ ರಾಗಿ ಬಿತ್ತುವ ಕುಮರಿ ಬೇಸಾಯ, ಧನಗರ ಗೌಳಿಗಳ ಎಮ್ಮೆ ಸಾಕಣೆ ಇವೇ ಆಗ ಈ ಸೀಮೆಯ ಬದುಕು. ಕುಮರಿಯನ್ನು ಅರಣ್ಯ ಇಲಾಖೆ ನಾಶವೆಂದೇ ನೋಡಿತು. 1878ರ ಅರಣ್ಯ ಕಾಯ್ದೆ ಕಾಡನ್ನು ಮೀಸಲು ಮಾಡುವಾಗ ಸೆಟಲ್‌ಮೆಂಟ್ ಅಧಿಕಾರಿಯೊಬ್ಬ ಬಂದು ಪ್ರಕಟಣೆ ಹೊರಡಿಸಬೇಕು, ಜನ ತಮ್ಮ ಹಕ್ಕು ಹೇಳಿಕೊಳ್ಳಲು ಕನಿಷ್ಠ ಮೂರು ತಿಂಗಳು ಕೊಡಬೇಕು ಎಂದಿತು. ಆ ಅವಧಿಯಲ್ಲಿ ಹೇಳಿಕೊಳ್ಳದ ಹಕ್ಕು ಅಳಿದುಹೋಗುತ್ತದೆ. 1927ರ ಕಾಯ್ದೆಯಲ್ಲೂ ಇದೇ ಉಳಿಯಿತು. ದಟ್ಟ ಮಳೆಯ, ಓದು ಬರಹ ಮುಟ್ಟದ ಗುಡ್ಡದ ಊರಿಗೆ ಒಂದು ಪ್ರಕಟಣೆ ತಲುಪಿ, ಅದನ್ನು ಯಾರೋ ಓದಿ ಹೇಳಿ, ಅರ್ಜಿ ಬರೆಸಿ ಕೊಡಲು ಮೂರು ತಿಂಗಳು ಎಷ್ಟರದ್ದು? ಇಲ್ಲಿ ಮೌನವನ್ನೇ ಒಪ್ಪಿಗೆ ಎಂದು ಓದಿಕೊಂಡರು. ಇನಾಮುದಾರನ ಬಳಿ ಸನದಾದರೂ ಇತ್ತು, ಕುಮರಿ ಮಾಡುವವನ ಬಳಿ ಇದ್ದದ್ದು ಅವನಜ್ಜ ಬಿತ್ತಿದ ಜಾಗದ ಗುರುತು ಮಾತ್ರ.

ಕೇಳಲು ಬಂದವನೇ ಲೆಕ್ಕ ಬಿಡಿಸಿ ಹೇಳಬೇಕೆಂಬ ಮಾತಿನ ಮೇಲೆ ಹೊರಗಿನ ಒಂದು ಪ್ರಕರಣ ಬೆಳಕು ಚೆಲ್ಲುತ್ತದೆ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು ಹೊಗೆ ಪರೀಕ್ಷೆಯಲ್ಲಿ ಮಾತ್ರ ಕಡಿಮೆ ಹೊಗೆ ಉಗುಳುವ ಸಾಫ್ಟ್‌ವೇರ್ ಇಟ್ಟುಕೊಂಡಿವೆ ಎಂದು ಅಮೆರಿಕದ ಪರಿಸರ ಸಂಸ್ಥೆ ಬಯಲು ಮಾಡಿತು. ಮುಂದಿನ ವರ್ಷ 1,470 ಕೋಟಿ ಡಾಲರ್‌ವರೆಗಿನ ರಾಜಿಯಾಯಿತು. ಸುಮಾರು 4.75 ಲಕ್ಷ ಕಾರುಗಳ ಮಾಲೀಕರಿಗೆ ಎರಡು ಆಯ್ಕೆ: ಕಾರನ್ನು ಕಂಪನಿಗೆ ವಾಪಸ್ ಮಾರಬೇಕು, ಇಲ್ಲವೆ ರಿಪೇರಿ ಮಾಡಿಸಿಕೊಳ್ಳಬೇಕು. ಮಾರುವ ಬೆಲೆಗೆ ಲೆಕ್ಕವಿತ್ತು. ಮೋಸ ಬಯಲಾಗುವ ಮುಂಚಿನ ಪೇಟೆ ದರ, ಓಡಿದ ಮೈಲಿಗೆ ತಕ್ಕ ಹೆಚ್ಚು ಕಡಿಮೆ, ಅದರ ಮೇಲೆ ಕನಿಷ್ಠ 5,100 ಡಾಲರ್. ರಿಪೇರಿಯ ಕಡೆ ಮಾತ್ರ ಕತ್ತಲು, ಆ ಹೊತ್ತಿಗೆ ಯಾವ ರಿಪೇರಿಗೂ ಸರ್ಕಾರದ ಒಪ್ಪಿಗೆ ಸಿಕ್ಕಿರಲಿಲ್ಲ. ಒಂದು ಬಾಗಿಲಿಗೆ ಬೆಲೆ ಬರೆದು ಇನ್ನೊಂದನ್ನು ಖಾಲಿ ಬಿಟ್ಟು ಆರಿಸು ಎಂದರೆ ಹೇಗೆ ಎಂದು ಕೆಲವು ಮಾಲೀಕರು ಕೋರ್ಟಿಗೆ ಬರೆದರು. ಕೊಟ್ಟ ಪೂರ್ತಿ ದುಡ್ಡೇ ವಾಪಸ್ ಬೇಕೆಂದವರೂ ಇದ್ದರು. ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಈ ತಕರಾರುಗಳನ್ನು ಒಪ್ಪದೆ 2016ರ ಅಕ್ಟೋಬರ್ 25ರಂದು ರಾಜಿಗೆ ಅಂತಿಮ ಮುದ್ರೆ ಹಾಕಿದರು. ಆದರೆ ತಕರಾರು ಸಲ್ಲಿಸಲು ಒಂದು ಕಿಟಕಿ ಇತ್ತು, ಪ್ರತಿಯೊಂದಕ್ಕೂ ಕಾರಣ ಕೊಟ್ಟು ಉತ್ತರ ಹೇಳಬೇಕಿತ್ತು, ರಾಜಿ ಬೇಡವಾದವನಿಗೆ ಹೊರಗೆ ನಿಂತು ತನ್ನದೇ ದಾವೆ ಹೂಡುವ ಅವಕಾಶವಿತ್ತು. ಅದೇ ಕಂಪನಿ ಭಾರತದಲ್ಲಿ 3.23 ಲಕ್ಷ ಕಾರುಗಳನ್ನು ಸಾಫ್ಟ್‌ವೇರ್ ಸರಿಪಡಿಸಲು ಕರೆಸಿಕೊಂಡಿತು, ವಾಪಸ್ ಕೊಳ್ಳುವ ಮಾತು ಇಲ್ಲಿನವರಿಗೆ ಬರಲೇ ಇಲ್ಲ. 2019ರ ಮಾರ್ಚಿನಲ್ಲಿ ಹಸಿರು ನ್ಯಾಯಮಂಡಳಿ ಹಾಕಿದ 500 ಕೋಟಿ ರೂಪಾಯಿ ದಂಡದ ವಿಚಾರದಲ್ಲಿ ಸುಪ್ರೀಂ ಕೋರ್ಟು ಕಂಪನಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟಿತು. ಕಾರಿಗೂ ಹೊಲಕ್ಕೂ ಹೋಲಿಕೆಯೇ ಎನ್ನಬಹುದು. ಕಾರು ಹೋದರೆ ಇನ್ನೊಂದು ಕಾರು ಬರುತ್ತದೆ. ಮತ್ತೊಂದು ಸಿಗುವ ವಸ್ತುವಿಗೇ ಇಷ್ಟು ಲೆಕ್ಕ ಕೇಳುವುದು ನ್ಯಾಯವಾದರೆ, ಮತ್ತೆ ಸಿಗದ ನೆಲಕ್ಕೆ ಅದು ಇನ್ನೂ ಹೆಚ್ಚು ನ್ಯಾಯ.

ನಮ್ಮ ರೈತನ ಕೈಗೆ ಬರುವ ನೋಟಿಸನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸರ್ವೆ ನಂಬರು, ಹಿಸ್ಸೆ, ಎಕರೆ, ಗುಂಟೆ, ಪೋಟ್ ಖರಾಬ್, ಖಾತೆದಾರನ ಹೆಸರು. ಬಹಳ ಸಲ ಆ ಹೆಸರು ತೀರಿಕೊಂಡ ಅಜ್ಜನದು, ಉತಾರದಲ್ಲಿ ವಾರಸಾ ಆಗಿರುವುದಿಲ್ಲ. ಉಳಿದ ಗದ್ದೆಗೆ ದಾರಿ ಎಲ್ಲಿ, ನೀರು ಹರಿಯುವ ನಾಲೆ ರಸ್ತೆಯ ಅಡಿಯಲ್ಲಿ ಹಾಯುತ್ತದೋ ಇಲ್ಲವೋ, ಇದಕ್ಕೆ ಅಲ್ಲಿ ಕಾಲಂ ಇಲ್ಲ. ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪಣೆಗೆ 21 ದಿನ. ಪರಿಹಾರದ ಲೆಕ್ಕವಂತೂ ಇನ್ನೂ ತೊಡಕಿನದು. ಸಾಮಾನ್ಯ ಭೂಸ್ವಾಧೀನದಲ್ಲಿ ಬೆಲೆಯ ಮೇಲೆ ಶೇಕಡಾ 30ರ ಸಾಂತ್ವನ ಮೊತ್ತ ಸಿಗುತ್ತಿದ್ದ ವರ್ಷಗಳಲ್ಲಿ ಹೆದ್ದಾರಿಗೆ ಜಮೀನು ಕೊಟ್ಟವನಿಗೆ, 1997ರ ತಿದ್ದುಪಡಿಯಿಂದಾಗಿ, ಅದು ಇರಲಿಲ್ಲ. ಆ ತಾರತಮ್ಯ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟು ತರಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2019ರಲ್ಲಿ. ಅಂದರೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ತನಗೆ ಬರಬೇಕಾದದ್ದು ಎಷ್ಟು ಎಂದು ತಿಳಿಯದೆ ಕೇಳಿದ ರೈತನ ಸಂಶಯವೇ ಸರಿಯಾಗಿತ್ತು. ಹಳೆಯ 1894ರ ಕಾಯ್ದೆ ಕೂಡ ಇದನ್ನು ಒಂದು ಬಗೆಯಲ್ಲಿ ಗುರುತಿಸಿತ್ತು. ಹಣ ತೆಗೆದುಕೊಳ್ಳುವಾಗ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಷರಾ ಬರೆದರೆ ಮುಂದೆ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಯುತ್ತಿತ್ತು, ಸುಮ್ಮನೆ ಸಹಿ ಹಾಕಿದವನಿಗೆ ಆ ಹಕ್ಕು ಹೋಗುತ್ತಿತ್ತು. ಎರಡು ಪದದ ಒಂದು ಷರಾ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ನಡುವೆ ಎಷ್ಟು ಅಂತರ!

ಈಗ ಅದೇ ಪ್ರಶ್ನೆ ಖಾನಾಪುರದ ಕಾಡಿಗೆ ಮರಳಿದೆ. 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿ.ಮೀ. ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಬಾವಲಿ ಎಂಬ ಅಪರೂಪದ ಬಾವಲಿ ವಿಜ್ಞಾನಕ್ಕೆ ಮೊದಲು ಸಿಕ್ಕಿದ್ದು ಇದೇ ಕಾಡಿನಲ್ಲಿ, ನೂರು ವರ್ಷಕ್ಕೂ ಹಿಂದೆ. ಈ ಕಾಡು ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಾಡೊಳಗಿನ ಊರುಗಳ ಕಷ್ಟವೂ ನಿಜ. 2024ರ ಮಳೆಗಾಲದಲ್ಲಿ ಅಮಗಾಂವದ ಮಹಿಳೆಯೊಬ್ಬರನ್ನು ಆಸ್ಪತ್ರೆಗೆಂದು ಮೈಲಿಗಟ್ಟಲೆ ಹೊತ್ತು ತಂದದ್ದನ್ನು ನಾಡೆಲ್ಲ ನೋಡಿತು. ಆಮೇಲೆ ಸ್ಥಳಾಂತರದ ಮಾತು ಬಿರುಸಾಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿ. 2025ರ ಮೇ ತಿಂಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ತಳೇವಾಡಿಯ 27 ಕುಟುಂಬಗಳಿಗೆ ಮೊದಲ ಕಂತಿನ 10 ಲಕ್ಷದ ಚೆಕ್ಕುಗಳನ್ನು ಕೊಟ್ಟರು. ಅವರು ಒಪ್ಪಿಯೇ ತೆಗೆದುಕೊಂಡರು, ಆ ಒಪ್ಪಿಗೆಯನ್ನು ಯಾರೂ ಕಡಿಮೆ ಮಾಡಿ ನೋಡಬೇಕಾಗಿಲ್ಲ.

ಹಾಗಿದ್ದರೆ ಉಳಿದ ಊರುಗಳವರು ಯಾಕೆ ಹಿಂದುಮುಂದು ನೋಡಬೇಕು, ಹದಿನೈದು ಲಕ್ಷ ಎಂಬುದಕ್ಕಿಂತ ಸ್ಪಷ್ಟ ಯಾವುದು ಎಂದು ಕೇಳುವವರಿದ್ದಾರೆ. ಒಂದು ಅಂಕಿ ಹೇಳಿದ ಮಾತ್ರಕ್ಕೆ ಲೆಕ್ಕ ಹೇಳಿದಂತಾಗುವುದಿಲ್ಲ. ಒಂದೇ ಒಲೆಯಲ್ಲಿ ಉಣ್ಣುವ ಅಣ್ಣತಮ್ಮಂದಿರು ಒಂದು ಕುಟುಂಬವೋ ಎರಡೋ? ಮಾಲ್ಕಿ ಗದ್ದೆ ಇರುವವನಿಗೂ ಬರೀ ಗುಡಿಸಲು ಇರುವವನಿಗೂ ಒಂದೇ ಮೊತ್ತವಾದರೆ ಗದ್ದೆಯ ಬೆಲೆ ಅದರೊಳಗೇ ಕರಗಿತೋ, ಬೇರೆ ಬರುತ್ತದೋ? 2006ರ ಅರಣ್ಯ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವನ್ಯಜೀವಿಗಳ ನಿರ್ಣಾಯಕ ನೆಲೆಗಳಿಂದ ಜನರನ್ನು ಕದಲಿಸುವ ಮೊದಲು ಅವರ ಹಕ್ಕು ಇತ್ಯರ್ಥವಾಗಬೇಕು, ಗ್ರಾಮಸಭೆ ತಿಳಿದು, ಒತ್ತಡವಿಲ್ಲದೆ, ಬರಹದಲ್ಲಿ ಒಪ್ಪಬೇಕು ಎಂದಿದೆ. ಪರಿಶಿಷ್ಟ ಪಂಗಡಕ್ಕೆ ಸೇರದವರಿಗೆ ಆ ಹಕ್ಕು ಸಿಗಬೇಕಾದರೆ 75 ವರ್ಷದ ವಾಸಕ್ಕೆ ಪುರಾವೆ ಬೇಕು. ಕರ್ನಾಟಕದ ಪಂಗಡಗಳ ಪಟ್ಟಿಯಲ್ಲಿ ಧನಗರ ಗೌಳಿಗಳಿಲ್ಲ. ಹಾಗಾಗಿ ಇನಾಂ ಕಮಿಷನ್ನಿನ ಮುಂದೆ ನಿಂತವನ ಪಾಡೇ ಇವರದೂ: ಪುರಾವೆ ಇರುವುದು ಇಲಾಖೆಯ ಕಪಾಟಿನಲ್ಲಿ, ಕೇಳುವುದು ಮನೆಯವನನ್ನು. ಇಷ್ಟೆಲ್ಲ ಬಿಡಿಸುತ್ತ ಕೂತರೆ ಹೋಗಬಯಸುವವರಿಗೂ ತಡವಾಗುತ್ತದೆ, ಮಳೆಗಾಲ ಮತ್ತೆ ಬರುತ್ತದೆ ಎಂಬ ಆತಂಕ ಸುಳ್ಳಲ್ಲ. ಆದರೆ ಒಪ್ಪಿದವರನ್ನು ಕಳಿಸಿಕೊಡಲು ಒಪ್ಪದವರ ಪ್ರಶ್ನೆ ಅಡ್ಡಿಯಾಗಿಲ್ಲ ಎಂದು ತಳೇವಾಡಿಯೇ ತೋರಿಸಿದೆ. ತಡವಾಗುವುದು ಉತ್ತರ ಸಿಗದಿದ್ದಾಗ, ಹಲಗಾ–ಮಚ್ಛೆಯಲ್ಲಿ ಆದ ಹಾಗೆ. ಅಲ್ಲಿ ಒಂದು ಬಿಂದುವನ್ನು ನಕ್ಷೆಯ ಮೇಲೆ ಮೊದಲೇ ತೋರಿಸಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು.

ದುಡ್ಡು ಹೆಚ್ಚು ಮಾಡಿಸಿಕೊಳ್ಳಲು ಹೂಡುವ ಆಟವಿದು ಎಂಬ ಮಾತೂ ಇದೆ. ಹೆಚ್ಚು ಕೇಳುವವರು ಇದ್ದೇ ಇರುತ್ತಾರೆ, ಅಮೆರಿಕದ ಕೋರ್ಟಿನಲ್ಲೂ ಇದ್ದರು. ಅವರಿಗೆ ಉತ್ತರ ಕೊಡುವ ದಾರಿ ಲೆಕ್ಕವನ್ನು ಮೇಜಿನ ಮೇಲೆ ಬಿಚ್ಚಿಡುವುದು, ಬಚ್ಚಿಟ್ಟ ಲೆಕ್ಕದ ಮುಂದೆ ಆಸೆಬುರುಕನನ್ನೂ ಪ್ರಾಮಾಣಿಕನನ್ನೂ ಬೇರೆ ಮಾಡಲು ಬರುವುದಿಲ್ಲ. ಭೀಮಗಡದ ಒಳಗಿನ ಊರುಗಳಲ್ಲಿ ಮನೆಮಾತು ಮರಾಠಿ. ಕಚೇರಿಯ ಕಾಗದ ಕನ್ನಡದಲ್ಲಿ ಬರುತ್ತದೆ, ಬರಬೇಕಾದದ್ದೇ. ಗ್ರಾಮಸಭೆ ಕೂಡುವ ದಿನ ಅದನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಬೇಕು: ಕುಟುಂಬವೆಂದರೆ ಯಾರು, ಗದ್ದೆಗೆ ಎಷ್ಟು, ಮನೆಗೆ ಎಷ್ಟು, ಎರಡನೆಯ ಕಂತು ಯಾವ ದಿನ, ಒಪ್ಪದಿದ್ದರೆ ಏನು, ತಕರಾರು ಯಾರ ಬಳಿ ಕೊಡಬೇಕು. ಓದಿದ್ದನ್ನು ಕೇಳಿದ ಮೇಲೆ ಹೆಬ್ಬೆಟ್ಟು ಒತ್ತುವವರ ಮುಂದೆ ಷರಾ ಬರೆಯಲು ಒಂದು ಖಾಲಿ ಕಾಲಂ ಇರಲಿ.