ಪಾಲೆ ಕಷಾಯದಿಂದ ಲಸಿಕೆಯವರೆಗೆ: ಉಡುಪಿ ಸೀಮೆಯ ಪಥ್ಯದ ಚರಿತ್ರೆ

ಮದ್ದು ಸೇವಿಸಿದ ಮೇಲೆ ದೇಹಕ್ಕೆ ಪಥ್ಯ ಬೇಕೆಂಬ ತಿಳಿವಳಿಕೆ ಉಡುಪಿ ಸೀಮೆಯಲ್ಲಿ ಲಸಿಕೆಗಿಂತ ಬಹಳ ಹಿಂದಿನದು. ಜುಲೈ-ಆಗಸ್ಟ್ ನಡುವೆ ಬರುವ ಆಟಿ ತಿಂಗಳ ಅಮಾವಾಸ್ಯೆಯಂದು, ಬೆಳಕು ಹರಿಯುವ ಮೊದಲೇ, ತುಳುವಿನಲ್ಲಿ ಪಾಲೆ ಎನ್ನುವ ಹಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಾಳುಮೆಣಸು, ಬೆಳ್ಳುಳ್ಳಿ, ಓಮಗಳೊಂದಿಗೆ ಅರೆದು, ಹಿಂಡಿದ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಹಾಕಿ ಒಗ್ಗರಣೆ ಕೊಡುವ ಪದ್ಧತಿ ಇಂದಿಗೂ ಉಳಿದಿದೆ. ರೋಗ ಬಾರದಂತೆ ಬರಿಹೊಟ್ಟೆಯಲ್ಲಿ ಕುಡಿಯುವ ಈ ಕಹಿ ಕಷಾಯವು ಉಷ್ಣವೆಂಬ ನಂಬಿಕೆಯಿಂದ, ಅದರ ಬೆನ್ನಿಗೇ ತಂಪಿಗಾಗಿ ಮೆಂತೆ ಗಂಜಿ ಉಣ್ಣಿಸುತ್ತಾರೆ. ಗಂಜಿಯಿಲ್ಲದೆ ಕಷಾಯದ ವಿಧಿ ಪೂರ್ತಿಯಾಗುವುದಿಲ್ಲ.

ಸಿಡುಬನ್ನು ಮಾರಿಯ ಬರವೆಂದು ಕಂಡ ಕಾಲದ ಉಪಚಾರಕ್ಕೂ ಇದೇ ತರ್ಕವಿತ್ತು. ಉಡುಪಿ ಸೀಮೆಯ ಕಾಪುವಿನ ಮೂರು ಮಾರಿಗುಡಿಗಳಲ್ಲಿ ಸುಗ್ಗಿ, ಆಟಿ, ಜಾರ್ದೆ ಎಂಬ ತುಳು ತಿಂಗಳುಗಳ ಮಂಗಳವಾರ-ಬುಧವಾರ ನಡೆಯುವ ಮಾರಿಪೂಜೆಗೆ ಜನರು ಮಲ್ಲಿಗೆ, ಕೋಳಿಗಳ ಹರಕೆ ಒಪ್ಪಿಸುವರಾದರೆ, ರೋಗಿಯಿದ್ದ ಮನೆಯಲ್ಲಿ ಬೇವಿನ ಸೊಪ್ಪು, ಕುಚ್ಚಲಕ್ಕಿ ಗಂಜಿ, ಸೀಯಾಳಗಳಿಗೆ ಸ್ಥಾನವಿತ್ತು. ಒಗ್ಗರಣೆ ಮತ್ತು ಮೀನಿಗೆ ಇರಲಿಲ್ಲ.

ಭಾರತದಲ್ಲಿ ಸಿಡುಬಿನ ಲಸಿಕೆ ಮೊದಲು ಫಲಿಸಿದ್ದು 1802ರ ಜೂನ್ 14ರಂದು, ಮುಂಬಯಿಯ ಮೂರು ವರ್ಷದ ಬಾಲಕಿಯೊಬ್ಬಳ ತೋಳಿನಲ್ಲಿ. ಆಗ ಮದರಾಸು ಆಡಳಿತಕ್ಕೆ ಸೇರಿದ್ದ ಉಡುಪಿಯನ್ನೂ ಒಳಗೊಂಡ ಕೆನರಾ ಸೀಮೆಗೆ ಲಸಿಕೆ ಆ ಆಡಳಿತದ ಮೂಲಕವೇ ಬಂದಿತು. ಇಪ್ಪತ್ತನೆಯ ಶತಮಾನದಲ್ಲಿ ಮದರಾಸಿನ ಗಿಂಡಿಯ ಕಿಂಗ್ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ಇದು ಚುಚ್ಚಿ ಮರೆಯುವ ಮದ್ದಾಗಿರಲಿಲ್ಲ. ಗೀರಿದ ಜಾಗದಲ್ಲಿ ಮೂರು-ನಾಲ್ಕು ದಿನಕ್ಕೆ ಗುಳ್ಳೆಯೆದ್ದು, ವಾರ ಕಳೆಯುವಷ್ಟರಲ್ಲಿ ಕೀವು ತುಂಬಿ, ಜ್ವರ ಬಂದು, ಕಂಕುಳಿನ ಗ್ರಂಥಿ ಬಾತು, ಸುಮಾರು ಮೂರು ವಾರಕ್ಕೆ ಹಕ್ಕಳೆ ಉದುರಿ ಕಲೆ ನಿಲ್ಲುತ್ತಿತ್ತು. ಗುಳ್ಳೆಯಲ್ಲಿ ಜೀವಂತ ವೈರಾಣು ಇರುವುದರಿಂದ, ಮಗು ಅದನ್ನು ಕೆರೆದು ಅದೇ ಬೆರಳಿನಿಂದ ಕಣ್ಣುಜ್ಜಿದರೆ ಸೋಂಕು ಕಣ್ಣಿಗೂ ಹರಡುವ ಅಪಾಯವಿತ್ತು. ಆದುದರಿಂದ ತೋಳನ್ನು ಒಣಗಿಸಿಟ್ಟು, ಸಡಿಲ ಅಂಗಿ ತೊಡಿಸಿ, ಇರುಳೂ ಕಾಯಬೇಕಾಗಿತ್ತು. ಮಾರಿಬೇನೆಯ ಗಂಜಿ-ಸೀಯಾಳದ ಪಥ್ಯವೇ ಈ ಜ್ವರಕ್ಕೂ ಒದಗಿತೆಂದು ಊಹಿಸಲು ಅಡ್ಡಿಯಿಲ್ಲ. ಸರಕಾರದ ವರದಿಗಳು ಲಸಿಕೆ ಪಡೆದವರನ್ನು ಎಣಿಸಿದವೇ ಹೊರತು ಆ ಮೂರು ವಾರ ಮಗುವನ್ನು ಕಾದ ತಾಯಿ-ಅಜ್ಜಿಯರನ್ನಲ್ಲ. ಸಿಡುಬು ನಿರ್ಮೂಲನದ ಕೀರ್ತಿಯಲ್ಲಿ ಅವರಿಗೂ ನ್ಯಾಯವಾಗಿ ಪಾಲು ಸಲ್ಲಬೇಕು.

ಉಡುಪಿಯಲ್ಲಿ 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಈವಾ ಲೊಂಬಾರ್ಡ್ ತೆರೆದ ಮಿಷನ್ ಆಸ್ಪತ್ರೆಯೂ, 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜೂ ಆಧುನಿಕ ವೈದ್ಯವನ್ನು ಈ ಜನರ ಬಳಿಗೆ ತಂದವು. 1977ರಲ್ಲಿ ಭಾರತ ಸಿಡುಬುಮುಕ್ತವೆಂದು ಘೋಷಿತವಾದ ಬಳಿಕ ಆ ದೀರ್ಘ ಕಾವಲು ನಿಂತರೂ, ಕ್ಷಯ ತಡೆಯುವ ಬಿಸಿಜಿ ಲಸಿಕೆಯಲ್ಲಿ ಅದರ ಚಿಕ್ಕ ರೂಪ ಉಳಿದಿದೆ: ಎಳೆಯ ತೋಳಿನಲ್ಲಿ ಕೆಲವು ವಾರಗಳ ಮೇಲೆ ಗುಳ್ಳೆಯೆದ್ದು, ಒಡೆದು, ತಾನಾಗಿ ಮಾಯುತ್ತದೆ. ಅದಕ್ಕೆ ಎಣ್ಣೆ, ಅರಸಿನ ಏನನ್ನೂ ಹಚ್ಚಬಾರದೆಂಬುದು ಇಂದಿನ ವೈದ್ಯರ ಮಾತು. ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಕುಳಿತು ಹೋಗಿರೆಂದೂ, ಎದೆಹಾಲು ನಿಲ್ಲಿಸಬೇಡಿರೆಂದೂ, ಜ್ವರ ಬಂದರೆ ಹೇಳಿದಷ್ಟೇ ಪ್ಯಾರಾಸಿಟಮಾಲ್ ಕೊಡಿರೆಂದೂ, ಮುಂದಿನ ಸರದಿಗೆ ಲಸಿಕೆಗಳ ವಿವರವಿರುವ ತಾಯಿ ಕಾರ್ಡ್ ತನ್ನಿರೆಂದೂ ಲಸಿಕೆ ಹಾಕುವವರು ತಾಯಂದಿರಿಗೆ ತಿಳಿಸುತ್ತಾರೆ. ಹಳೆಯ ಪಥ್ಯದಲ್ಲಿ ಗಾಯದ ಲೇಪ ಬಿಟ್ಟುಹೋಗಿದೆ; ಜ್ವರ ಬಂದ ದೊಡ್ಡವರಿಗೆ ಗಂಜಿಯನ್ನೂ ಸೀಯಾಳವನ್ನೂ ಯಾರೂ ಬೇಡವೆಂದಿಲ್ಲ.